ಡೀನೊ ಬುಟ್ಸಾಟಿಯನ್ನು ಎಲ್ಲಿಂದ ಓದಲು ಶುರು ಮಾಡಬೇಕು? ಆತ ನಿಜಕ್ಕೂ ‘ಇಟಲಿಯ ಕಾಫ್ಕಾ’ನೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಇಟಲಿಯ ಕಥೆಗಾರ, ಪತ್ರಕರ್ತ ಬುಟ್ಸಾಟಿಯ ಯಾವ ಪುಸ್ತಕವನ್ನು ಮೊದಲು ಕೈಗೆತ್ತಿಕೊಳ್ಳಬೇಕು ಅನ್ನುವುದು ಒಂದು. ಜರ್ಮನ್ ಭಾಷೆಯಲ್ಲಿ ಬರೆದ ಪ್ರಾಗ್‌ನ ಲೇಖಕ ಕಾಫ್ಕಾನನ್ನು ಓದಿ ಮುಗಿಸಿದವರಿಗೆ ಈತನ ಅಗತ್ಯ ಇದೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ‘ಏಳು ಮಹಡಿಗಳು’ ಎಂಬ ಸಣ್ಣಕಥೆ, ಅದಾದ ಮೇಲೆ ‘ತಾರ್ತಾರರ ಮರುಭೂಮಿ’ ಕಾದಂಬರಿ. ಎರಡನೆಯದಕ್ಕೆ, ಖಂಡಿತ ಇದೆ ಅನ್ನುತ್ತೇನೆ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು.

‘ಏಳು ಮಹಡಿಗಳು’ ಶುರುವಾಗುವುದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ಜುಸೆಪ್ಪೆ ಕೋರ್ತೆ ಎಂಬಾತ ರೈಲಿಳಿದು ಒಂದು ಹೆಸರಾಂತ ಆಸ್ಪತ್ರೆಗೆ ನಡೆದುಕೊಂಡೇ ಹೋಗುತ್ತಾನೆ. ಸ್ವಲ್ಪ ಜ್ವರ, ಕಾಯಿಲೆ ಇನ್ನೂ ತೀರ ಮೊದಲ ಹಂತದಲ್ಲಿದೆ. ಅಲ್ಲಿ ರೋಗಿಗಳನ್ನು ಕಾಯಿಲೆಯ ತೀವ್ರತೆ ನೋಡಿ ಮಹಡಿಗಳಿಗೆ ಹಂಚುತ್ತಾರೆ. ಏಳನೆಯದರಲ್ಲಿ ನಾಳೆಯೋ ನಾಡಿದ್ದೋ ಮನೆಗೆ ಹೋಗುವಂಥವರು, ಕೆಳಗಿಳಿದಷ್ಟೂ ಕಷ್ಟದವರು, ಒಂದನೆಯದರಲ್ಲಿ ಆಸೆ ಬಿಟ್ಟವರು. ಕೋರ್ತೆಗೆ ಏಳನೇ ಮಹಡಿ ಸಿಗುತ್ತದೆ. ಕೆಲವು ದಿನ ಕಳೆದ ಮೇಲೆ, ಇಬ್ಬರು ಮಕ್ಕಳ ಜೊತೆ ಒಬ್ಬ ಹೆಂಗಸು ಬರುತ್ತಿದ್ದಾಳೆ, ಅಕ್ಕಪಕ್ಕದ ಕೋಣೆಗಳು ಬೇಕು, ನೀವು ಸ್ವಲ್ಪ ದಿನ ಆರನೆಯದಕ್ಕೆ ಹೋಗುತ್ತೀರಾ ಅಂತ ಕೇಳುತ್ತಾರೆ. ಪಾಪ, ಮರ್ಯಾದಸ್ಥ, ಒಪ್ಪಿಕೊಳ್ಳುತ್ತಾನೆ. ಆಮೇಲೆ ರೋಗಿಗಳ ವರ್ಗೀಕರಣವೇ ಬದಲಾಗುತ್ತದೆ. ಮತ್ತೊಮ್ಮೆ, ಚರ್ಮದ ಮೇಲೆ ಎದ್ದ ಸಣ್ಣ ಎಕ್ಸಿಮಾಗೆ ಬೇಕಾದ ಯಂತ್ರ ಇರುವುದು ಕೆಳಗಿನ ಮಹಡಿಯಲ್ಲಿ. ಇನ್ನೊಮ್ಮೆ ಸಿಬ್ಬಂದಿಗೆ ರಜೆ. ಪ್ರತಿ ಸಲವೂ ಕಾರಣ ಬೇರೆ, ಪ್ರತಿ ಸಲವೂ ಅದಕ್ಕೂ ಅವನ ಕಾಯಿಲೆಗೂ ಸಂಬಂಧ ಇಲ್ಲ ಅನ್ನುವ ಭರವಸೆ.

ಈ ಕಥೆಯಲ್ಲಿ ಯಾರೂ ಕೆಟ್ಟವರಲ್ಲ. ಡಾಕ್ಟರುಗಳು ನಯವಾಗಿ ಮಾತಾಡುತ್ತಾರೆ, ದಾದಿಯರು ನಗುತ್ತಾರೆ, ಎಲ್ಲರ ಮಾತಿನಲ್ಲೂ ಒಂದು ತರ್ಕ ಇದೆ. ನಮ್ಮ ಮನೆಯ ಹಿರಿಯರೊಬ್ಬರ ಜೊತೆ ಆಸ್ಪತ್ರೆಯಲ್ಲಿ ಇದ್ದು ಬಂದ ಮೇಲೆ ನಾನು ಈ ಕಥೆಯನ್ನು ಮತ್ತೆ ಓದಿದೆ. ‘ಸುಮ್ಮನೆ ಒಂದೆರಡು ದಿನ ಅಬ್ಸರ್ವೇಶನ್‌ನಲ್ಲಿ ಇಡೋಣ ಅಷ್ಟೇ’ ಅನ್ನುವ ಮಾತು ಕೇಳಿದವರಿಗೆ ಕೋರ್ತೆಯ ಒಂದೊಂದು ಇಳಿತವೂ ಎದೆಗೇ ತಾಗುತ್ತದೆ. ಬುಟ್ಸಾಟಿ ಇದೇ ಕಥೆಯನ್ನು ನಾಟಕ ಮಾಡಿದ. 1953ರಲ್ಲಿ ರಂಗಕ್ಕೆ ಬಂತು. ಅದನ್ನು ಫ್ರೆಂಚಿಗೆ ಅಳವಡಿಸಿದ್ದು ಅಲ್ಲಿನ ಹೆಸರಾಂತ ಲೇಖಕ ಆಲ್ಬೇರ್ ಕಮೂ. 1955ರಲ್ಲಿ ಪ್ಯಾರಿಸಿನಲ್ಲಿ ಆಡಿದರು.

ಇನ್ನು ‘ತಾರ್ತಾರರ ಮರುಭೂಮಿ’. ಪ್ರಕಟವಾದದ್ದು 1940ರಲ್ಲಿ, ಇಟಲಿ ಎರಡನೇ ಮಹಾಯುದ್ಧಕ್ಕೆ ಧುಮುಕಿದ ವರ್ಷವೇ. ಆದರೆ ಇದು ಯುದ್ಧದ ಕಾದಂಬರಿ ಅಲ್ಲ, ಯುದ್ಧ ಬರಲಿ ಅಂತ ಕಾದು ಕೂತವರ ಕಾದಂಬರಿ. ಮುಂದಿನ ಸಾಲುಗಳಲ್ಲಿ ಅಂತ್ಯವೂ ಬರುತ್ತದೆ, ಗೊತ್ತಾಗುವುದು ಬೇಡ ಅನ್ನುವವರು ಮೂರು ಪ್ಯಾರಾ ದಾಟಿ ಹೋಗಿ.

ಜೊವಾನ್ನಿ ದ್ರೋಗೊ ಹೊಸದಾಗಿ ಲೆಫ್ಟಿನೆಂಟ್ ಆದ ಹುಡುಗ. ಮೊದಲ ಪೋಸ್ಟಿಂಗೇ ಗಡಿಯ ಬಾಸ್ತಿಯಾನಿ ಕೋಟೆಗೆ. ಕೋಟೆಯ ಉತ್ತರಕ್ಕೆ ಖಾಲಿ ಮರುಭೂಮಿ. ಹಿಂದೆಂದೋ ಅಲ್ಲಿಂದ ತಾರ್ತಾರರು ಎಂಬ ಅಲೆಮಾರಿ ದಾಳಿಕಾರರು ಬಂದಿದ್ದರಂತೆ, ಬಂದಿರಲಿಲ್ಲವಂತೆ, ಯಾರಿಗೂ ಖಚಿತವಿಲ್ಲ. ಹೋದ ದಿನವೇ ದ್ರೋಗೊಗೆ ವಾಪಸು ಬರಬೇಕು ಅನ್ನಿಸುತ್ತದೆ. ಮೇಜರ್ ಮಾತ್ತಿ ಉಪಾಯ ಹೇಳುತ್ತಾನೆ: ನಾಲ್ಕು ತಿಂಗಳು ತಡಿ, ವೈದ್ಯಕೀಯ ತಪಾಸಣೆ ಇದೆ, ಎತ್ತರದ ಜಾಗ ಒಗ್ಗುವುದಿಲ್ಲ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಮರ್ಯಾದೆಯಾಗಿ ಹೋಗು.

ನಾಲ್ಕು ತಿಂಗಳು ಆಗುತ್ತದೆ. ನನ್ನ ಮಟ್ಟಿಗೆ ಇಡೀ ಕಾದಂಬರಿಯ ಜೀವ ಇರುವುದು ಮುಂದಿನ ದೃಶ್ಯದಲ್ಲಿ. ಡಾಕ್ಟರ್ ರೊವಿನಾ ಸರ್ಟಿಫಿಕೇಟ್ ಕೊಡಲು ತಯಾರಾಗಿ ಕೂತಿದ್ದಾನೆ. ದ್ರೋಗೊ ಕಿಟಕಿಯಿಂದ ಹೊರಗೆ ನೋಡುತ್ತಾನೆ. ಸಂಜೆ ಬೆಳಕು, ಕೋಟೆಯ ಗೋಡೆಗಳು, ಪಹರೆಯವರು, ಆಚೆ ಬೆಟ್ಟಗಳು. ಈ ನಾಲ್ಕು ತಿಂಗಳು ಕಾಣದಿದ್ದ ಒಂದು ಚೆಲುವು ಅವತ್ತು ಕಾಣುತ್ತದೆ. ನನಗೆ ಏನೂ ಆಗಿಲ್ಲ, ನಾನು ಇಲ್ಲೇ ಇರುತ್ತೇನೆ ಅಂದುಬಿಡುತ್ತಾನೆ. ಯಾರ ಬಲವಂತವೂ ಇಲ್ಲ. ಇನ್ನೂ ಚಿಕ್ಕ ವಯಸ್ಸು, ಬೇಕಾದಷ್ಟು ಸಮಯ ಇದೆ.

ಆಮೇಲೆ ವರ್ಷಗಳು ಉರುಳುತ್ತವೆ, ಮತ್ತು ಅವು ಉರುಳುವ ರೀತಿಯಲ್ಲೇ ಬುಟ್ಸಾಟಿಯ ಕೈಚಳಕ ಗೊತ್ತಾಗುವುದು. ಕೋಟೆಯ ಮೊದಲ ದಿನಗಳಿಗೆ ಪುಟಗಟ್ಟಲೆ ಜಾಗ ಕೊಡುತ್ತಾನೆ. ಮರುಭೂಮಿಯಲ್ಲಿ ಶತ್ರು ರಸ್ತೆ ಕಟ್ಟುವುದಕ್ಕೆ ಹಿಡಿದ ಹದಿನೈದು ವರ್ಷವನ್ನು ಒಂದೇ ಉಸಿರಿನಲ್ಲಿ ದಾಟಿಬಿಡುತ್ತಾನೆ. ವಯಸ್ಸಾಗುವುದು ನಮಗೂ ಹೀಗೇ ಅಲ್ಲವೇ ಅನುಭವಕ್ಕೆ ಬರುವುದು? ಮೊದಲ ಸಲ ಕೋಟೆಗೆ ಬರುವಾಗ ದ್ರೋಗೊ ಕಣಿವೆಯ ಆಚೆ ದಂಡೆಯಲ್ಲಿ ಹೋಗುತ್ತಿದ್ದ ಕ್ಯಾಪ್ಟನ್ ಒರ್ತಿಸ್‌ನನ್ನು ಕೂಗಿ ಮಾತಾಡಿಸಿರುತ್ತಾನೆ. ಎಷ್ಟೋ ವರ್ಷದ ಮೇಲೆ ಅದೇ ದಾರಿಯಲ್ಲಿ ಮೊರೊ ಎಂಬ ಹೊಸ ಲೆಫ್ಟಿನೆಂಟ್ ಆಚೆ ದಂಡೆಯಿಂದ ಕೂಗುತ್ತಾನೆ, ಕ್ಯಾಪ್ಟನ್ ಈಗ ದ್ರೋಗೊ. ಕೊನೆಗೆ 54ನೇ ವಯಸ್ಸಿನಲ್ಲಿ, ಲಿವರ್ ಕೆಟ್ಟು ಹಾಸಿಗೆ ಹಿಡಿದಾಗ, ಶತ್ರು ನಿಜವಾಗಿ ಬರುತ್ತಾನೆ. ನೆರವಿಗೆ ಬರುವ ಅಧಿಕಾರಿಗಳಿಗೆ ಮಂಚ ಹಾಕಲು ಕೋಣೆ ಬೇಕು ಅಂತ ದ್ರೋಗೊನನ್ನು ಗಾಡಿಯಲ್ಲಿ ಕೆಳಗೆ ಕಳಿಸಿಬಿಡುತ್ತಾರೆ. ದಾರಿಯ ಒಂದು ಛತ್ರದಲ್ಲಿ, ಒಬ್ಬನೇ, ಅವನು ತನ್ನ ಪಾಲಿನ ಯುದ್ಧವನ್ನು ಎದುರಿಸುತ್ತಾನೆ. ಆ ಯುದ್ಧ ಯಾವುದು, ಹೇಗೆ ಎದುರಿಸಿದ ಅನ್ನುವುದನ್ನು ಪುಸ್ತಕದಲ್ಲೇ ಓದಿ.

ಈಗ ಕಾಫ್ಕಾ ವಿಷಯ. ಬುಟ್ಸಾಟಿ ಬದುಕಿದ್ದಾಗಲೇ ವಿಮರ್ಶಕರು ಈ ಹೋಲಿಕೆಯನ್ನು ಅವನ ಕೊರಳಿಗೆ ಕಟ್ಟಿದ್ದರು, ಅವನಿಗೆ ಅದು ದೊಡ್ಡ ಕಿರಿಕಿರಿ. ಮೇಲ್ನೋಟಕ್ಕೆ ಹೋಲಿಕೆ ಇದೆ, ನಿಜ: ಕೋಟೆ, ನಿಯಮಗಳು, ಮುಖ ಕಾಣದ ಮೇಲಧಿಕಾರಿಗಳು. ಆದರೆ ಕಾಫ್ಕಾನ ಲೋಕದಲ್ಲಿ ಮನುಷ್ಯನನ್ನು ಹೊರಗಿನಿಂದ ಯಾರೋ ಹಿಡಿದಿರುತ್ತಾರೆ, ಅವನು ಒದ್ದಾಡುತ್ತಾನೆ. ಬುಟ್ಸಾಟಿಯ ಲೋಕದಲ್ಲಿ ಬಾಗಿಲು ತೆರೆದೇ ಇರುತ್ತದೆ. ದ್ರೋಗೊ ಹೋಗಬಹುದಿತ್ತು. ಕೋರ್ತೆ ಆರನೇ ಮಹಡಿಗೆ ಒಲ್ಲೆ ಅನ್ನಬಹುದಿತ್ತು. ಅವರನ್ನು ಹಿಡಿದಿಡುವುದು ಅಭ್ಯಾಸ, ಸಂಕೋಚ, ಮುಂದೆ ಏನೋ ದೊಡ್ಡದು ಕಾದಿದೆ ಅನ್ನುವ ಆಸೆ. ಕಾಫ್ಕಾನನ್ನು ಓದಿ ನಾನು ಲೋಕಕ್ಕೆ ಹೆದರಿದೆ. ಬುಟ್ಸಾಟಿಯನ್ನು ಓದಿ ನನ್ನ ಸ್ವಂತ ದಿನಚರಿಗೆ ಹೆದರಿದೆ. ಒಬ್ಬನನ್ನು ಓದಿದವರು ಇನ್ನೊಬ್ಬನನ್ನೂ ಓದಲೇಬೇಕು ಅನ್ನುವುದು ಇದಕ್ಕೇ.

ಬರವಣಿಗೆಯೂ ಬೇರೆ. ಬುಟ್ಸಾಟಿ 1928ರಲ್ಲಿ ಮಿಲಾನಿನ ‘ಕೊರಿಯೆರೆ ದೆಲ್ಲಾ ಸೆರಾ’ ಪತ್ರಿಕೆ ಸೇರಿದವನು, 1972ರಲ್ಲಿ ಸಾಯುವ ತನಕ ಅಲ್ಲೇ ಇದ್ದ. ಯುದ್ಧ ವರದಿ ಮಾಡಿದ, 1949ರ ಜಿರೊ ದಿತಾಲಿಯಾ ಸೈಕಲ್ ರೇಸಿನ ಬೆನ್ನು ಹತ್ತಿ ಕೊಪ್ಪಿ, ಬಾರ್ತಾಲಿ ನಡುವಿನ ಪೈಪೋಟಿಯನ್ನು ಬರೆದ. ಕೋಟೆಯ ಕಲ್ಪನೆ ಹುಟ್ಟಿದ್ದೂ ಪತ್ರಿಕೆಯ ರಾತ್ರಿಪಾಳಿಯಲ್ಲೇ ಅಂತ ಅವನೇ ಹೇಳಿಕೊಂಡಿದ್ದಾನೆ: ಒಂದೇ ಥರದ ರಾತ್ರಿಗಳು, ಅದೇ ಮೇಜುಗಳಲ್ಲಿ ಮುದುಕರಾಗುತ್ತಿರುವ ಸಹೋದ್ಯೋಗಿಗಳು. ಎಷ್ಟೇ ವಿಚಿತ್ರ ಸಂಗತಿಯನ್ನೂ ಅವನು ವರದಿಗಾರನ ಹಾಗೆ ಚಿಕ್ಕ, ನೇರ ವಾಕ್ಯಗಳಲ್ಲಿ ಹೇಳುತ್ತಾನೆ. ‘ಹನಿ’ ಎಂಬ ಕಥೆಯಲ್ಲಿ ಒಂದು ನೀರಿನ ಹನಿ ರಾತ್ರಿ ಹೊತ್ತು ವಠಾರದ ಮೆಟ್ಟಿಲು ಹತ್ತಿಕೊಂಡು ಮೇಲೆ ಬರುತ್ತದೆ. ಇಷ್ಟೇ ಕಥೆ, ಓದಿದ ರಾತ್ರಿ ನಿದ್ದೆ ಬರುವುದಿಲ್ಲ.

ಲೆಕ್ಕ ಇಷ್ಟಪಡುವವರಿಗೆ ‘ಏಳು ದೂತರು’ ಕಥೆಯನ್ನು ನಾನು ವಿಶೇಷವಾಗಿ ಹೇಳುತ್ತೇನೆ. ತಂದೆಯ ರಾಜ್ಯದ ಗಡಿ ನೋಡಲು ಹೊರಟ ರಾಜಕುಮಾರ ಊರಿನ ಸುದ್ದಿಗಾಗಿ ಏಳು ಸವಾರರನ್ನು ಕರೆದೊಯ್ಯುತ್ತಾನೆ. ಪರಿವಾರ ದಿನಕ್ಕೆ 40 ಹರದಾರಿ ಹೋದರೆ ದೂತ 60 ಹರದಾರಿ ಹೋಗುತ್ತಾನೆ. ಪ್ರಯಾಣದ ಎಷ್ಟನೇ ದಿನ ಹೊರಟನೋ ಅದರ ಐದು ಪಟ್ಟು ದಿನಕ್ಕೆ ವಾಪಸು ಬಂದು ಸೇರುತ್ತಾನೆ. ಕಾಗದದ ಮೇಲೆ ಹಾಕಿ ನೋಡಿ, ಸರಿಯಾಗಿ ಬರುತ್ತದೆ. ಎಂಟೂವರೆ ವರ್ಷ ಕಳೆದ ಮೇಲೆ ಹೊರಡುವ ದೂತ ಮತ್ತೆ ಸಿಗುವುದು ಅಲ್ಲಿಂದ 34 ವರ್ಷಕ್ಕೆ, ಆಗ ರಾಜಕುಮಾರನಿಗೆ 72. ಒಂದು ಗುಣಾಕಾರದಿಂದ ಇಷ್ಟು ದುಃಖ ತೆಗೆದ ಕಥೆಗಾರ ನನಗೆ ಬೇರೆ ಗೊತ್ತಿಲ್ಲ.

ಸಣ್ಣಕಥೆಗಳಿಗೆ ಒಂದೇ ಪುಸ್ತಕ ಅಂದರೆ ‘ಅರವತ್ತು ಕಥೆಗಳು’, 1958ರಲ್ಲಿ ಇಟಲಿಯ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಸ್ತ್ರೇಗಾ ಪಡೆದದ್ದು. ಮೇಲೆ ಹೇಳಿದ ಮೂರೂ ಕಥೆ ಅದರಲ್ಲಿವೆ, ‘ಮೇಲಂಗಿ’ಯೂ ಇದೆ. ಯುದ್ಧದಿಂದ ಮನೆಗೆ ಬಂದ ಮಗ ಮೇಲಂಗಿ ಬಿಚ್ಚಲು ಒಪ್ಪುವುದಿಲ್ಲ, ಹೊರಗೆ ರಸ್ತೆಯಲ್ಲಿ ಯಾರೋ ಕಾಯುತ್ತಿದ್ದಾರೆ, ತಾಯಿ ತಿಂಡಿ ತಂದಿಡುತ್ತಿದ್ದಾಳೆ. ಅಮ್ಮಂದಿರು ಓದುವಾಗ ಜೋಪಾನ ಅಂತ ಮಾತ್ರ ಹೇಳುತ್ತೇನೆ.

ಮನೆಯಲ್ಲಿ ಮಕ್ಕಳಿದ್ದರೆ 1945ರ ‘ಸಿಸಿಲಿಗೆ ಕರಡಿಗಳ ದಂಡಯಾತ್ರೆ’ ತನ್ನಿ, ಚಿತ್ರಗಳೂ ಅವನವೇ. ಅವನು ಒಳ್ಳೆಯ ಚಿತ್ರಕಾರ. ಮಿಲಾನಿನ ದೊಡ್ಡ ಚರ್ಚನ್ನು ತನ್ನ ಊರ ಕಡೆಯ ಡೊಲೊಮೈಟ್ ಬೆಟ್ಟದ ಕೋಡುಗಲ್ಲುಗಳ ಹಾಗೆ ಬರೆದ ಚಿತ್ರವೊಂದಿದೆ, ಹುಡುಕಿ ನೋಡಿ. ಸತ್ತ ಹೆಂಡತಿಯನ್ನು ಹುಡುಕಿ ಪಾತಾಳಕ್ಕಿಳಿದ ಗ್ರೀಕ್ ಪುರಾಣದ ಆರ್ಫಿಯಸ್ ಕಥೆಯನ್ನು ಆಧುನಿಕ ಮಿಲಾನಿಗೆ ತಂದ ‘ಚಿತ್ರಕಾವ್ಯ’ವನ್ನು 1969ರಲ್ಲೇ ಕಾಮಿಕ್ಸ್ ರೂಪದಲ್ಲಿ ಮಾಡಿದ. 1963ರ ‘ಒಂದು ಪ್ರೇಮ’ ಕಾದಂಬರಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಡುವಯಸ್ಸಿನ ಗಂಡಸೊಬ್ಬನ ಹುಚ್ಚು ವ್ಯಾಮೋಹದ ಕಥೆ ಅದು, ಅದರಲ್ಲಿ ಅದ್ಭುತ ಲೋಕವಿಲ್ಲ. ಅಲ್ಲಿಂದ ಶುರು ಮಾಡಿದರೆ ಬೇರೆ ಯಾರೋ ಲೇಖಕ ಅಂದುಕೊಳ್ಳುತ್ತೀರಿ.

ಇಂಗ್ಲಿಷಿನಲ್ಲಿ ‘ತಾರ್ತಾರರ ಮರುಭೂಮಿ’ಗೆ ಎರಡು ಅನುವಾದಗಳಿವೆ, ಸ್ಟುವರ್ಟ್ ಹುಡ್ ಮಾಡಿದ ಹಳೆಯದು, ಲಾರೆನ್ಸ್ ವೆನುಟಿ ಮಾಡಿದ 2023ರದ್ದು. ಯಾವುದು ಕೈಗೆ ಸಿಕ್ಕರೂ ಓದಿ. ಓದಿದ ಮೇಲೆ 1976ರ ವಲೇರಿಯೊ ಜುರ್ಲಿನಿಯ ಸಿನಿಮಾ ನೋಡಬಹುದು. ಇರಾನಿನ ಬಾಮ್ ನಗರದ ಮಣ್ಣಿನ ಕೋಟೆಯಲ್ಲಿ ಚಿತ್ರೀಕರಿಸಿದ್ದು, 2003ರ ಭೂಕಂಪದಲ್ಲಿ ಕುಸಿಯುವುದಕ್ಕೆ ಮೊದಲು ಆ ಕೋಟೆ ಹೇಗಿತ್ತು ಅನ್ನುವುದು ಅದರಲ್ಲಿ ಕಾಣಸಿಗುತ್ತದೆ. ಆದರೆ ಪುಸ್ತಕಕ್ಕಿಂತ ಮೊದಲು ಮಾತ್ರ ಬೇಡ. ಕಾದಂಬರಿ ವರ್ಷಗಳನ್ನು ದಾಟಿಸುವ ವೇಗವನ್ನು ನೀವು ಓದಿಯೇ ಅನುಭವಿಸಬೇಕು.