ಸಾಂಕ್ರಾಮಿಕದ ಭಯದಲ್ಲಿ ಇನ್‌ಹೇಲರ್ ಬಿಡಬೇಕೆ?

ಪ್ರಶ್ನೆ: 68 ವರ್ಷದ ನನ್ನ ತಂದೆಯವರಿಗೆ ಹಲವು ವರ್ಷಗಳಿಂದ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇದೆ. ವೈರಸ್ ಸೋಂಕು ಹರಡುತ್ತಿರುವಾಗ ಸ್ಟೆರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ ಎಂದು ಯಾರೋ ಹೇಳಿದ್ದರಿಂದ, ಸ್ಟೆರಾಯ್ಡ್ ಇರುವ ಇನ್‌ಹೇಲರನ್ನು ಅವರು ನಿಲ್ಲಿಸಿದ್ದಾರೆ. ರಕ್ತದ ಆಮ್ಲಜನಕ ಮಟ್ಟ ಅಳೆಯುವ ಆಕ್ಸಿಮೀಟರ್ ಶೇ 91 ತೋರಿಸಿದರೂ ನಮಗೆ ಗಾಬರಿಯಾಗುತ್ತದೆ. ಏನು ಮಾಡಬೇಕು?

ಉತ್ತರ: ಇಂದೇ ಅವರ ವೈದ್ಯರಿಗೆ ವಿಷಯ ತಿಳಿಸಿ, ಇನ್‌ಹೇಲರನ್ನು ಮತ್ತೆ ಆರಂಭಿಸುವ ಕುರಿತು ಕೇಳಿ. ಸಿಒಪಿಡಿಯಲ್ಲಿ ಶ್ವಾಸನಾಳಗಳು ಮೊದಲೇ ಕಿರಿದಾಗಿರುತ್ತವೆ. ವೈರಸ್ ತಗುಲಿದಾಗ ಅವುಗಳ ಒಳಪದರ ಊದಿಕೊಂಡು, ಕಫ ಹೆಚ್ಚಿ, ಉಳಿದಿರುವ ದಾರಿಯೂ ಮುಚ್ಚತೊಡಗುತ್ತದೆ. ಔಷಧಿಯಿಲ್ಲದೆ ಆ ಸ್ಥಿತಿಯನ್ನು ಎದುರಿಸುವುದು ಬಹಳ ಅಪಾಯಕರ. ಸೇದುವ ಸ್ಟೆರಾಯ್ಡ್‌ನಿಂದ ನ್ಯುಮೋನಿಯಾದ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ ಎಂಬುದು ನಿಜವೇ. ಆದರೆ ಅದನ್ನು ಮುಂದುವರಿಸಬೇಕೆ ಎಂಬುದನ್ನು ವೈದ್ಯರು ರೋಗಿಯನ್ನು ನೋಡಿ ತೀರ್ಮಾನಿಸಬೇಕೇ ಹೊರತು, ಸೋಂಕಿನ ಭಯದಲ್ಲಿ ಮನೆಯಲ್ಲೇ ನಿಲ್ಲಿಸುವುದು ಸರಿಯಲ್ಲ. 2020ರ ಕೋವಿಡ್ ಕಾಲದಲ್ಲಿಯೂ ತಜ್ಞರ ಸಲಹೆ ಇದೇ ಆಗಿತ್ತು. ಪ್ರತಿ ಬಾರಿ ಸೇದಿದ ಮೇಲೆ ಬಾಯಿ ಮುಕ್ಕಳಿಸಲಿ.

ಆಕ್ಸಿಮೀಟರಿನ ಅಂಕಿಯ ಬಗ್ಗೆ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆರೋಗ್ಯವಂತರ ಅಳತೆಯನ್ನು ಅವರಿಗೆ ಅನ್ವಯಿಸಬಾರದು. ಆರಾಮವಾಗಿದ್ದ ದಿನಗಳಲ್ಲಿ ಅವರಿಗೆ ಎಷ್ಟು ಬರುತ್ತಿತ್ತು, ಕಫ ಯಾವ ಬಣ್ಣದ್ದಿತ್ತು, ಎಷ್ಟು ದೂರ ನಡೆದರೆ ಏದುಸಿರು ಬರುತ್ತಿತ್ತು ಎಂಬುದನ್ನು ಈಗಲೇ ಬರೆದಿಡಿ. ಕೆಮ್ಮು, ದಮ್ಮು ನಿತ್ಯವೂ ಇರುವವರಲ್ಲಿ ಹೊಸ ಸೋಂಕನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲಿಲ್ಲ. ಇಂಗಾಲದ ಡೈಆಕ್ಸೈಡ್ ಮೈಯಲ್ಲಿ ಉಳಿದುಬಿಡುವ ಸಂಭವವಿರುವ ಸಿಒಪಿಡಿ ರೋಗಿಗಳಿಗೆ ಆಮ್ಲಜನಕ ಕೊಡುವಾಗ ಸಾಮಾನ್ಯವಾಗಿ ಶೇ 88ರಿಂದ 92ರ ಮಟ್ಟವನ್ನೇ ಗುರಿಯಾಗಿಡಲಾಗುತ್ತದೆ. ಹೀಗಾಗಿ ಮನೆಯಲ್ಲಿ ಆಮ್ಲಜನಕದ ಸಿಲಿಂಡರ್ ಅಥವಾ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಇದ್ದರೆ, ಅಂಕಿ ಏರಲೆಂದು ಹರಿವನ್ನು ನೀವಾಗಿ ಹೆಚ್ಚಿಸಬೇಡಿ. ಅದರಿಂದ ತಲೆನೋವು, ತೂಕಡಿಕೆ, ಗೊಂದಲ ಉಂಟಾಗಿ ಪ್ರಜ್ಞೆಯೂ ತಪ್ಪಬಹುದು. ಆದರೆ ಅಂಕಿ 88ಕ್ಕಿಂತ ಕೆಳಗೆ ನಿಂತರೆ, ಎಂದಿನ ಮಟ್ಟಕ್ಕಿಂತ ಸ್ಪಷ್ಟವಾಗಿ ಕುಸಿದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ ಅಥವಾ ತುಟಿ ನೀಲಿಗಟ್ಟಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಣ್ಣನೆಯ ಬೆರಳು ತಪ್ಪು ಅಂಕಿ ತೋರಿಸುತ್ತದೆ, ಬೆಚ್ಚಗೆ ಮಾಡಿ ನೋಡಿ.

ಜ್ವರ ಬಂದ ಮೊದಲ ದಿನವೇ ಪರೀಕ್ಷೆ ಮಾಡಿಸಿ, ಏಕೆಂದರೆ ಇನ್‌ಫ್ಲುಯೆಂಜಾದ ಔಷಧಿ 48 ಗಂಟೆಯೊಳಗೆ, ಕೋವಿಡ್ ಮಾತ್ರೆ 5 ದಿನದೊಳಗೆ ಆರಂಭಿಸಿದಾಗ ಹೆಚ್ಚು ಪ್ರಯೋಜನಕಾರಿ. ಆಗ ಇನ್‌ಹೇಲರಿನ ಹೆಸರನ್ನೂ ತಪ್ಪದೆ ಹೇಳಿ: ರಿಟೊನಾವಿರ್ ಸೇರಿರುವ ಕೋವಿಡ್ ಮಾತ್ರೆಯ ಜೊತೆ ಸಾಲ್ಮೆಟೆರಾಲ್ ಇರುವ ಇನ್‌ಹೇಲರ್ ಬಳಸಿದರೆ ಹೃದಯದ ಬಡಿತಕ್ಕೆ ತೊಂದರೆಯಾಗಬಹುದು. ಇನ್‌ಫ್ಲುಯೆಂಜಾ ಲಸಿಕೆ ಪ್ರತಿ ವರ್ಷವೂ ಬೇಕು. ನ್ಯುಮೋನಿಯಾ ತರುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೊಕಾಕಲ್ ಲಸಿಕೆ ಆಗಿದೆಯೇ ಎಂದೂ ವಿಚಾರಿಸಿ.

ಪ್ರಶ್ನೆ: ಮನೆಯಲ್ಲಿ ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಸೇದಿಸುವ ಯಂತ್ರ) ಬಳಸಿದರೆ ಇತರರಿಗೆ ಸೋಂಕು ಹರಡುತ್ತದೆಯೇ?

ಉತ್ತರ: ಸೋಂಕಿತರು ಬಳಸುವಾಗ ಹರಡುವ ಸಾಧ್ಯತೆಯಿದೆ. ಸ್ಪೇಸರ್ (ಔಷಧಿಯನ್ನು ಹಿಡಿದಿಟ್ಟು ನಿಧಾನವಾಗಿ ಸೇದಲು ನೆರವಾಗುವ ಕೊಳವೆ) ಜೋಡಿಸಿದ ಇನ್‌ಹೇಲರ್ ಹೆಚ್ಚಿನವರಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುವುದರಿಂದ ಅದನ್ನೇ ಬಳಸಬಹುದೇ ಎಂದು ವೈದ್ಯರನ್ನು ಕೇಳಿ. ನೆಬ್ಯುಲೈಸರ್ ಬೇಕೇ ಬೇಕೆಂದಾದರೆ ಕಿಟಕಿ ತೆರೆದ ಪ್ರತ್ಯೇಕ ಕೋಣೆಯಲ್ಲಿ ಬಳಸಲಿ, ಉಳಿದವರು ಆಗ ಹೊರಗಿರಲಿ.