ದೇವರು ಬೈಯಲಿಲ್ಲ ಅಲ್ವಾ?

ನಾನು ಆಪ್ತಸಲಹೆಗಾರ್ತಿ. ಬದುಕು ಸಾಕಾಗಿದೆ ಎಂದು ನನ್ನ ಬಳಿ ಬರುವ ಕ್ರೈಸ್ತ ವಿಶ್ವಾಸಿಗಳಲ್ಲಿ ಹೆಚ್ಚಿನವರು ಮೊದಲು ತಮ್ಮ ತಪ್ಪು ಹೇಳುತ್ತಾರೆ. ದುಃಖ ಹೇಳುವುದು ಆಮೇಲೆ. "ನನ್ನ ವಿಶ್ವಾಸ ಕಮ್ಮಿ ಆಗೈತ್ರಿ" ಅನ್ನುತ್ತಾರೆ. ಈ ಮಾತನ್ನು ಯಾರೋ ಅವರ ತಲೆಗೆ ಹಾಕಿರುತ್ತಾರೆ. ಬಳ್ಳಾರಿಯವರ ಬಾಯಲ್ಲೂ ಕೇಳಿದ್ದೇನೆ, ರಾಯಚೂರು, ಕೊಪ್ಪಳದ ಕಡೆಯಿಂದ ಬಂದವರ ಬಾಯಲ್ಲೂ ಕೇಳಿದ್ದೇನೆ. ಕೇಳಿದಷ್ಟು ಸಲವೂ ಸಂಕಟವಾಗಿದೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರನ್ನು ಇಲ್ಲಿ ಹಿರಿಯರು ಎಂದೇ ಕರೆಯುತ್ತೇನೆ. ತಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಅವರು ಹಿರಿಯರೇ. ವಯಸ್ಸು ಐವತ್ತು ದಾಟಿದೆ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಪೀಸ್ ಲೆಕ್ಕದಲ್ಲಿ ಹೊಲಿಗೆ ಕೆಲಸ. ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಚಿಕಿತ್ಸೆಗೆಂದು ಮಾಡಿದ ಸಾಲ ಉಳಿದಿತ್ತು. ಒಬ್ಬನೇ ಮಗ ಬೆಂಗಳೂರಿನಲ್ಲಿ. ಯಾರ ಮನೆಯಲ್ಲಿ ಸಾವಾದರೂ, ಯಾರಿಗೆ ಕಾಯಿಲೆಯಾದರೂ ಪ್ರಾರ್ಥನೆಗೆ ಕರೆಯುವುದು ಇವರನ್ನೇ. ನನ್ನ ಬಳಿ ಕರೆದುಕೊಂಡು ಬಂದದ್ದು ಅವರ ತಂಗಿ. "ಅಣ್ಣ ಮಾತೇ ಆಡ್ತಿಲ್ಲ" ಅನ್ನುವುದಷ್ಟೇ ಆಕೆಯ ದೂರು.

ಮೊದಮೊದಲು ನನ್ನ ಜೊತೆಗೂ ಮಾತಿಲ್ಲ. ಎಲ್ಲದಕ್ಕೂ "ದೇವರ ದಯೆ, ಚೆನ್ನಾಗಿದ್ದೀನ್ರಿ" ಎಂಬ ಉತ್ತರ. ಬಟ್ಟೆ ಇಸ್ತ್ರಿ ಮಾಡಿರುತ್ತಿದ್ದರು, ಬೈಬಲ್ ಕೈಯಲ್ಲಿರುತ್ತಿತ್ತು. ಕಣ್ಣು ಮಾತ್ರ ನಿದ್ದೆಗೆಟ್ಟಿದ್ದವು.

ಒಂದು ದಿನ ನಾನು ದುಃಖದ ವಿಷಯ ಬಿಟ್ಟೆ. "ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?" ಅಂತ ಕೇಳಿದೆ.

ತುಂಬ ಹೊತ್ತು ಸುಮ್ಮನಿದ್ದರು. "ಚಹಾ, ಬಿಸ್ಕೀಟು" ಅಂದರು. ಮೊನ್ನೆ? ಅದೇ. ಹೆಂಡತಿ ಹೋದಾಗಿನಿಂದ ರಾತ್ರಿ ಒಲೆ ಹಚ್ಚಿದ್ದೇ ಇಲ್ಲವಂತೆ. ತಂಗಿ ಕರೆದರೆ "ಊಟ ಆಯ್ತಮ್ಮಾ" ಅಂದುಬಿಡುತ್ತಿದ್ದರಂತೆ. ಅಲ್ಲಿಂದ ಕಟ್ಟೆ ಒಡೆಯಿತು.

"ಹೋದ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳು ಅಂದ್ರು. ಎದ್ದು ನಿಂತು, ದೇವರು ನನ್ನ ಕೈ ಬಿಟ್ಟಿಲ್ಲ ಅಂದೆ. ಎಲ್ಲಾರೂ ಆಮೆನ್ ಅಂದ್ರು. ಮನೀಗೆ ಬಂದು ಬಾಗಿಲು ಹಾಕ್ಕೊಂಡು ಅತ್ತೆ. ದೇವರ ಮುಂದೆ ನಿಂತು ಸುಳ್ಳು ಹೇಳ್ದಂಗಾತು."

ಸಾಕ್ಷಿ ಅಂದರೆ ದೇವರು ತನಗೆ ಮಾಡಿದ ಒಳ್ಳೆಯದನ್ನು ಎಲ್ಲರ ಮುಂದೆ ಹೇಳುವುದು. ನಾನು ನೇರವಾಗಿ ಕೇಳಿದೆ, "ಸಾಯಬೇಕು ಅನ್ನಿಸ್ತದಾ?"

ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ತುಂಬ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಹಿರಿಯರು ತಲೆ ಎತ್ತದೆ ಹೇಳಿದರು, "ಜೀವ ತಕ್ಕೊಳ್ಳೋದು ಪಾಪ. ಅದು ಮಾಡಲ್ಲ. ಆದ್ರೆ ದಿನಾ ರಾತ್ರಿ ದೇವರನ್ನ ಕೇಳ್ತೀನ್ರಿ, ನೀನೇ ಕರ್ಕೊಂಡುಬಿಡು ಅಂತ. ಬೇರೆ ಪ್ರಾರ್ಥನೆ ಬಾಯಿಗೆ ಬರಲ್ಲ. ಇಂಥಾ ಪ್ರಾರ್ಥನೆ ಮಾಡೋನು ಸಭೆಯ ಹಿರಿಯ ಆಗಬಹುದಾ?"

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. "ದೇವರೇ ಕರೆದುಕೊಳ್ಳಲಿ" ಎನ್ನುವುದು ನಮ್ಮ ಮನೆಗಳಲ್ಲಿ ಮುದುಕರು ಆಡುವ ಮಾಮೂಲಿ ಮಾತು, ನಿಜ. ಆದರೆ ಊಟ ಬಿಟ್ಟವನು, ನಿದ್ದೆ ಬಿಟ್ಟವನು, ಒಂಟಿಯಾಗಿರುವವನು ಅದನ್ನು ದಿನಾ ಹೇಳಿದರೆ ಕಿವಿ ನಿಮಿರಿಸಬೇಕು. ಏನಾದರೂ ಯೋಜನೆ ಇದೆಯಾ, ಮನೆಯಲ್ಲಿ ಅಪಾಯದ ವಸ್ತು ಇದೆಯಾ ಎಂದು ವಿಚಾರಿಸಿದೆ. ಇರಲಿಲ್ಲ. ಅವತ್ತು ರಾತ್ರಿ ತಂಗಿಯ ಮನೆಯಲ್ಲೇ ಮಲಗುವುದೆಂದು ಒಪ್ಪಿಸಿಕೊಂಡೆ.

ಆಮೇಲೆ ಅವರ ಕೈಯಲ್ಲಿದ್ದ ಬೈಬಲ್ ಕೇಳಿದೆ. ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ ತೆಗೆದು ಅವರಿಗೇ ಕೊಟ್ಟು, ಗಟ್ಟಿಯಾಗಿ ಓದಿ ಅಂದೆ.

ಅದು ಪ್ರವಾದಿ ಎಲೀಯನ ಕಥೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು. ಅಷ್ಟು ದೊಡ್ಡ ಗೆಲುವಾದ ಮೇಲೆ ಈಜೆಬೆಲ್ ರಾಣಿ ಕೊಲ್ಲಿಸುತ್ತೇನೆ ಅಂದ ಕೂಡಲೇ ಜೀವ ಉಳಿಸಿಕೊಳ್ಳಲು ಓಡುತ್ತಾನೆ. ಸೇವಕನನ್ನೂ ಹಿಂದೆ ಬಿಟ್ಟು ಒಂಟಿಯಾಗಿ ಮರುಭೂಮಿಗೆ ಹೋಗುತ್ತಾನೆ. ಒಂದು ಜಾಲಿಗಿಡದ ಕೆಳಗೆ ಕೂತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನೇ ಕೇಳುತ್ತಾನೆ. ಹಿರಿಯರು ರಾತ್ರಿ ಮಾಡುತ್ತಿದ್ದದ್ದು ಇದೇ ಪ್ರಾರ್ಥನೆ.

ಅವರು ನಿಧಾನವಾಗಿ ಓದಿದರು. ಎಲೀಯ ಮಲಗುತ್ತಾನೆ. ದೂತ ಬಂದು ಮುಟ್ಟಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ತಿಂದು ಮತ್ತೆ ಮಲಗುತ್ತಾನೆ. ಎರಡನೇ ಸಲವೂ ದೂತ ಬಂದು ಊಟಕ್ಕೆ ಎಬ್ಬಿಸುತ್ತಾನೆ, ದಾರಿ ದೂರವಿದೆ ಎಂದು.

ಅಲ್ಲಿಗೆ ಬಂದು ನಿಂತುಬಿಟ್ಟರು. ಬೆರಳು ಆ ಸಾಲಿನ ಮೇಲೇ ಇತ್ತು.

"ದೇವರು ಬೈಯಲಿಲ್ಲ ಅಲ್ವಾ, ಮೇಡಂ?"

"ಇಲ್ಲ."

"ನಿನಗೆ ವಿಶ್ವಾಸ ಇಲ್ಲ ಅನ್ನಲಿಲ್ಲ."

"ಅನ್ನಲಿಲ್ಲ."

"ಸಾಕ್ಷಿ ಹೇಳು ಅಂತಾನೂ ಅನ್ನಲಿಲ್ಲ. ರೊಟ್ಟಿ ಕೊಟ್ಟ." ಹಾಗಂದು ಜೋರಾಗಿ ಅತ್ತರು. ನಾನು ತಡೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಇನ್ನೊಬ್ಬರ ಎದುರು ಅತ್ತದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು.

ಬಳ್ಳಾರಿಯ ಕ್ರೈಸ್ತರಿಗೆ ಈ ಕಥೆ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಇದೇ ಊರಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಮಾಡಿದರು. ಅಂದಿನಿಂದ ಈ ಅಧ್ಯಾಯ ಇಲ್ಲಿ ಓದುತ್ತಲೇ ಇದ್ದೇವೆ. ಆದರೆ ಸಭೆಯಲ್ಲಿ ನಾನು ಕೇಳಿದ ಬೋಧನೆಗಳೆಲ್ಲ ಮುಂದಿನ ಭಾಗದ ಮೇಲೆ: ಬಿರುಗಾಳಿ, ಭೂಕಂಪ, ಬೆಂಕಿ, ಕೊನೆಗೆ ದೇವರ ಮೆಲುದನಿ. ಅದು ದೊಡ್ಡ ಭಾಗವೇ. ಆದರೂ ಆ ದನಿ ಕೇಳುವ ಮೊದಲು ಎಲೀಯ ಎರಡು ಸಲ ಉಂಡು, ಎರಡು ಸಲ ಮಲಗಿದ್ದಾನೆ. ಅದನ್ನು ಯಾಕೆ ದಾಟಿ ಹೋಗುತ್ತೇವೆ? ಊಟ, ನಿದ್ದೆ, ಆಮೇಲೆ ದೇವರು ಅವನ ದೂರನ್ನು ಪೂರ್ತಿ ಕೇಳುವುದು, ಅದೂ ಎರಡು ಸಲ. ಆಮೇಲೆ ಒಂದು ಕೆಲಸ, ಕಡೆಗೆ ಒಬ್ಬ ಸಂಗಾತಿ. "ನಾನೊಬ್ಬನೇ ಉಳಿದಿದ್ದೇನೆ" ಅಂದವನಿಗೆ, ನಿನ್ನಂಥವರು ಇನ್ನೂ 7000 ಜನ ಇದ್ದಾರೆ ಎಂದು ಹೇಳಿ, ಎಲೀಷನ ಹತ್ತಿರ ಕಳಿಸುತ್ತಾನೆ. ನಿರೀಕ್ಷೆ ಬಂದದ್ದು ಈ ದಾರಿಯಲ್ಲಿ. ನನ್ನ ಸಲಹೆಯ ದಾರಿಯೂ ಇದೇ.

ಮೊದಲ ಸಲಹೆ, ಮನೋವೈದ್ಯರನ್ನು ಕಾಣುವುದು. "ಹುಚ್ಚರ ಡಾಕ್ಟರ್ ಹತ್ರ ಹೋದ್ರೆ ಸಭೆಯವರು ಏನಂತಾರೆ?" ಎಂದು ಹಿಂದೇಟು ಹಾಕಿದರು. ನಾನು ಅವರಿಗೆ ನಮ್ಮ ಜಿಲ್ಲೆಯದೇ ಸಂಗತಿ ಹೇಳಿದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗುವಂತೆ ಮಾಡಿ ನೋಡಿದ್ದು ಬಳ್ಳಾರಿಯಲ್ಲಿ. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಂಥ ಊರಿನವರು ನಾವು ನಾಚಿಕೊಳ್ಳಬೇಕಾ? ಹೋದರು. ಖಿನ್ನತೆ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಮಾತ್ರೆಯ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ನಡುವೆ ಬಿಡಬೇಡಿ ಎಂದು ಅವರಿಗೂ ತಂಗಿಗೂ ಒತ್ತಿ ಹೇಳಿದೆ. ಮನಸ್ಸು ತೀರಾ ಕುಸಿದ ರಾತ್ರಿಗೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬೈಬಲಿನ ಮೊದಲ ಪುಟದಲ್ಲಿ ಬರೆದುಕೊಳ್ಳಲು ಹೇಳಿದೆ. ದುಡ್ಡಿಲ್ಲದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು, ರಾತ್ರಿಯ ಊಟ ಒಬ್ಬರೇ ಮಾಡಕೂಡದು. ತಂಗಿಯ ಮನೆ ಎರಡು ಓಣಿ ಆಚೆ. ಅಲ್ಲಿ ಉಣ್ಣಬೇಕು.

ಮೂರನೆಯದಕ್ಕೇ ಜಗಳ ಬಂದದ್ದು. ಸ್ವಲ್ಪ ಕಾಲ ಸಾಕ್ಷಿ ಹೇಳಬೇಡಿ, ಬೇರೆಯವರಿಗಾಗಿ ಪ್ರಾರ್ಥನೆ ನಡೆಸಲೂ ಹೋಗಬೇಡಿ ಅಂದೆ. ಪ್ರಾರ್ಥನೆ ಬಾಯಿಗೆ ಬರದಿದ್ದರೆ ಬೈಬಲಿನ ಕೀರ್ತನೆಗಳ ಮಾತನ್ನೇ ಎರವಲು ತೆಗೆದುಕೊಳ್ಳಿ ಎಂದು ಮೂರು ಗುರುತು ಹಾಕಿ ಕೊಟ್ಟೆ: 13, 42, 88. ಹದಿಮೂರನೆಯದು ದೇವರಿಗೆ "ಇನ್ನೆಷ್ಟು ಕಾಲ" ಎಂದು ಕೇಳುತ್ತಲೇ ಶುರುವಾಗುತ್ತದೆ. ನಲವತ್ತೆರಡನೆಯದರಲ್ಲಿ ಕಣ್ಣೀರೇ ಊಟವಾಗಿದೆ. ಎಂಬತ್ತೆಂಟನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಯ ಸಾಲಿನಲ್ಲೂ ಸಮಾಧಾನ ಇಲ್ಲ. "ಇದನ್ನ ಯಾಕೆ ಬೈಬಲಿನಲ್ಲಿ ಇಟ್ಟಾರ್ರೀ?" ಎಂದು ಹಿರಿಯರು ಬೆರಗಾಗಿ ಕೇಳಿದರು. ನಿಮ್ಮಂಥವರ ರಾತ್ರಿಗೆಂದು ಇಟ್ಟಿದ್ದಾರೆ ಅಂದೆ.

ಅವರ ಪರಿಚಯದ ಬೋಧಕರೊಬ್ಬರು ನನಗೆ ಫೋನ್ ಮಾಡಿ ಬೇಸರ ತೋಡಿಕೊಂಡರು. ಸಭೆಯ ಕಂಬದಂಥ ಮನುಷ್ಯನನ್ನು ಸುಮ್ಮನೆ ಕೂರಿಸಿದಿರಿ, ಸ್ತೋತ್ರ ಮಾಡಿದರೆ ದುಃಖ ತಾನೇ ಹೋಗುತ್ತಿತ್ತು ಅಂದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಯೇಸುವೇ ಗೆತ್ಸೆಮನೆ ತೋಟದಲ್ಲಿ, ಸಾಯುವಷ್ಟು ದುಃಖವಾಗಿದೆ ಎಂದು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದ್ದಾನೆ. ನನ್ನ ಜೊತೆ ಎಚ್ಚರವಾಗಿರಿ ಎಂದು ಬೇಡಿದ್ದಾನೆ. ಶಿಲುಬೆಯ ಮೇಲೆ "ಯಾಕೆ ಕೈಬಿಟ್ಟೆ" ಎಂದು ಕೂಗಿದ್ದಾನೆ. ಪೌಲ ಕೊರಿಂಥದವರಿಗೆ ಬರೆಯುವಾಗ, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು ಮುಚ್ಚಿಡದೆ ಹೇಳುತ್ತಾನೆ. ಇವರಿಗೆಲ್ಲ ವಿಶ್ವಾಸ ಕಮ್ಮಿ ಇತ್ತಾ? ಪುನರುತ್ಥಾನದ ನಿರೀಕ್ಷೆಯನ್ನು ನಾನು ಮನಸಾರೆ ನಂಬುತ್ತೇನೆ. ಆದರೆ ಯೇಸು ಸತ್ತ ಶುಕ್ರವಾರ ಅಳುವವನನ್ನು, ಅವನು ಎದ್ದು ಬಂದ ಭಾನುವಾರದ ಹಾಡು ಹಾಡು ಎಂದು ಒತ್ತಾಯ ಮಾಡುವುದು ನನ್ನಿಂದ ಆಗದು.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಇದೆ. ಆಪ್ತಸಲಹೆಯಲ್ಲಿ ಬೈಬಲ್ ಯಾಕೆ ಎಂದು ನನ್ನ ವೃತ್ತಿಯ ಗೆಳತಿಯೊಬ್ಬರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ನನ್ನ ನಂಬಿಕೆಯನ್ನು ನಾನು ಯಾರ ಮೇಲೂ ಹೇರುವುದಿಲ್ಲ. ಬೇರೆ ಧರ್ಮದವರು ಬಂದರೆ ನನ್ನ ಬೈಬಲ್ ಹೊರಗೆ ಬರುವುದೇ ಇಲ್ಲ. ಹಿರಿಯರು ಅದನ್ನು ತಾವೇ ಹಿಡಿದು ತಂದಿದ್ದರು. ಅವರನ್ನು ಹೊಡೆಯುತ್ತಿದ್ದದ್ದೂ ಅದರ ಹೆಸರಲ್ಲೇ. ಅದೇ ಪುಸ್ತಕದಲ್ಲಿ ಅವರಿಗೆ ಜಾಗ ಇದೆ ಎಂದು ತೋರಿಸದೆ ಬರೀ ಮಾತ್ರೆ ಕೊಡಿಸಿದ್ದರೆ, ಆ ಮಾತ್ರೆಯನ್ನೂ ಅವರು ವಿಶ್ವಾಸದ್ರೋಹ ಎಂದೇ ನುಂಗುತ್ತಿದ್ದರು, ಇಲ್ಲವೇ ಎಸೆಯುತ್ತಿದ್ದರು.

ಅವರ ಸಭೆಯ ಪಾಸ್ಟರ್ ಮಾತ್ರ ನನ್ನ ಮಾತು ಕೇಳಿಸಿಕೊಂಡರು. ಹಿರಿಯರೇ ಹೋಗಿ ಅವರಿಗೆ ಎಲ್ಲಾ ಹೇಳಿದರು. ಪಾಸ್ಟರ್ ಏನೂ ಬೋಧನೆ ಮಾಡದೆ ಅವರ ಜೊತೆ ಕೂತು ಎಂಬತ್ತೆಂಟನೇ ಕೀರ್ತನೆ ಓದಿದರಂತೆ. ಸಾಲದ ಲೆಕ್ಕವನ್ನು ಮಗನಿಗೆ ತಿಳಿಸಲು ಧೈರ್ಯ ಕೊಟ್ಟವರೂ ಅವರೇ.

ಕಾಲ ಹಿಡಿಯಿತು. ನಿದ್ದೆ ಮೊದಲು ಬಂತು, ಹಸಿವು ಆಮೇಲೆ. ಹೆಂಡತಿಯ ವರ್ಷದ ದಿನ ಹತ್ತಿರ ಬಂದಾಗ ಮತ್ತೆ ಕುಸಿದರು, ಆ ವಾರ ತಂಗಿಯ ಮನೆಯಲ್ಲೇ ಇದ್ದರು. ಈಸ್ಟರ್‌ಗೆ ಮಗ ಬಂದು ಅಪ್ಪನ ಜೊತೆ ವೈದ್ಯರ ಹತ್ತಿರ ಹೋದರು. ಚೆನ್ನಾಗಿ ಅನ್ನಿಸಿದ ಮೇಲೂ ಕಮ್ಮಿಯೆಂದರೆ ಆರು ತಿಂಗಳು ಮಾತ್ರೆ ಮುಂದುವರಿಯಬೇಕು ಎಂದು ವೈದ್ಯರು ಹೇಳಿ ಕಳಿಸಿದ್ದಾರೆ. "ಕರ್ಕೊಂಡುಬಿಡು" ಎಂಬ ಪ್ರಾರ್ಥನೆ ಈಗ ಬರುವುದಿಲ್ಲವಂತೆ. "ಇನ್ನೆಷ್ಟು ಕಾಲ" ಎಂಬುದು ಕೆಲವು ರಾತ್ರಿ ಬರುತ್ತದಂತೆ. ಅದು ಬರಲಿ ಅಂದಿದ್ದೇನೆ.

ಈಗ ಕಷ್ಟ ಇರುವುದು ಭಾನುವಾರ ಸಂಜೆಗೆ. ಆ ದಿನ ತಂಗಿ ಗಂಡನ ಊರಿಗೆ ಹೋಗುತ್ತಾರೆ. ಬೆಳಿಗ್ಗೆ ಆರಾಧನೆಯಲ್ಲಿ ನೂರಾರು ಜನರ ನಡುವೆ ಇದ್ದು, ಸಂಜೆ ಒಂಟಿ ಮನೆ ಸೇರುವುದು ವಾರದ ಬೇರೆ ದಿನಕ್ಕಿಂತ ಜಾಸ್ತಿ ಕಾಡುತ್ತದೆ ಅನ್ನುತ್ತಾರೆ. ಆ ರಾತ್ರಿ ಸರದಿಯ ಮೇಲೆ ಯಾರ ಮನೆಯಲ್ಲಿ ಊಟ ಎಂದು ಪಾಸ್ಟರ್ ಒಂದು ಪಟ್ಟಿ ಮಾಡುತ್ತಿದ್ದಾರೆ. ಒಂಟಿಯಾಗಿರುವ ಇನ್ನೂ ಕೆಲವರ ಹೆಸರು ಅದರಲ್ಲಿ ಸೇರಿವೆ. ಊಟ ಹಾಕುವ ಮನೆಗಳು ಇನ್ನೂ ಸಾಲದು.