ಟಿನ್ ಆಕ್ಸೈಡ್ ಪದರ ಬಿರುಕು ಬಿಡುತ್ತಿದೆ, ಗ್ಯಾಸ್ ಸೆನ್ಸರ್‌ಗೆ ಸ್ಪಟರಿಂಗ್ ಮಾಡಲಾ?

ಟಿನ್ ಆಕ್ಸೈಡ್ ನ್ಯಾನೋಪುಡಿಯನ್ನು ನೀರಿನಲ್ಲಿ ಕಲಸಿ, ಎಲೆಕ್ಟ್ರೋಡ್ ಇರುವ ಅಲ್ಯೂಮಿನಾ ಬಿಲ್ಲೆಯ ಮೇಲೆ ಹನಿ ಹಾಕಿ ಒಣಗಿಸುತ್ತಿದ್ದೀರಿ. ಪದರ ಬಿರುಕು ಬಿಡುತ್ತಿದೆ, ಒಂದೊಂದು ಸೆನ್ಸರ್ ಒಂದೊಂದು ರೀಡಿಂಗ್ ಕೊಡುತ್ತಿದೆ, ಅಲ್ವಾ? ಸ್ಪಟರಿಂಗ್ (ನಿರ್ವಾತದಲ್ಲಿ ಅಯಾನುಗಳಿಂದ ಗುದ್ದಿ ಪರಮಾಣುಗಳನ್ನು ಎಬ್ಬಿಸಿ ಪದರ ಕೂರಿಸುವುದು) ಬೇಡ ಅಂತಲೇ ಹೇಳುತ್ತೇನೆ. ಪುಡಿ ಕೈಯಲ್ಲಿದ್ದರೆ ನಾನು ಆರಿಸುವುದು ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಪುಡಿಯನ್ನು ಪೇಸ್ಟ್ ಮಾಡಿ ಜಾಲರಿಯ ಮೂಲಕ ಒತ್ತಿ ಅಚ್ಚು ಹಾಕುವುದು.

ಈ ಸೆನ್ಸರ್ ಕೆಲಸ ಮಾಡುವುದೇ ಕಣದ ಮೈಮೇಲೆ. 200ರಿಂದ 400 ಡಿಗ್ರಿ ಬಿಸಿಯಲ್ಲಿ ಗಾಳಿಯ ಆಕ್ಸಿಜನ್ ಅಲ್ಲಿ ಅಂಟಿಕೊಂಡು ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದರೆ ಆ ಆಕ್ಸಿಜನ್ನಿನ ಜೊತೆ ಸೇರಿ ಹೊರಟುಹೋಗುತ್ತದೆ. ಎಲೆಕ್ಟ್ರಾನ್ ವಾಪಸ್ ಬರುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಸ್ಪಟರ್ ಮಾಡಿದ ಪದರ ಸಾಮಾನ್ಯವಾಗಿ ಒತ್ತಾಗಿ ಕೂರುತ್ತದೆ, ಹಾಗಾಗಿ ಇದೆಲ್ಲ ಮೇಲುಗಡೆಯಷ್ಟೇ ನಡೆಯುತ್ತದೆ. ರಂಧ್ರಗಳಿದ್ದರೆ ಗ್ಯಾಸ್ ತಳದ ಕಣದವರೆಗೂ ಹೋಗುತ್ತದೆ.

ಬಿರುಕಿಗೆ ಕಾರಣ ಪುಡಿಯಲ್ಲ, ಒಣಗುವ ರೀತಿ. ನೀರು ಆರುವಾಗ ಸಣ್ಣ ರಂಧ್ರಗಳಲ್ಲಿ ಸೆಳೆತ ಬಹಳ ಜೋರು. ಕೆರೆಯ ತಳ ಒಣಗಿದಾಗ ಆಗುವುದೂ ಇದೇ. ಪದರ ದಪ್ಪವಾದಷ್ಟೂ ಬಿರುಕು ಜಾಸ್ತಿ. ಜೊತೆಗೆ ಹನಿಯ ಅಂಚಿನಲ್ಲಿ ಕಣಗಳು ಬಳೆಯಂತೆ ಗುಂಪಾಗುತ್ತವೆ. ರೀಡಿಂಗ್ ಹೊಂದದಿರುವುದಕ್ಕೆ ಅದೂ ಒಂದು ಕಾರಣ.

ಪೇಸ್ಟಿಗೆ, ಕಣಗಳನ್ನು ಹಿಡಿದಿಡುವ ಬೈಂಡರ್ ಆದ ಈಥೈಲ್ ಸೆಲ್ಯುಲೋಸನ್ನು ನಿಧಾನವಾಗಿ ಆರುವ ದ್ರಾವಕ ಟರ್ಪಿನಿಯಾಲ್‌ನಲ್ಲಿ ಕರಗಿಸಿ, ಪುಡಿ ಸೇರಿಸಿ, ಗಂಟಿಲ್ಲದ ಹಾಗೆ ಚೆನ್ನಾಗಿ ಅರೆಯಿರಿ. ಪ್ರಿಂಟ್ ಮಾಡಿದ ಮೇಲೆ ಪೇಸ್ಟ್ ಸಮವಾಗಿ ಹರಡಲು ಸ್ವಲ್ಪ ಹೊತ್ತು ಸುಮ್ನೆ ಬಿಡಿ. ಸುಮಾರು 120 ಡಿಗ್ರಿಯಲ್ಲಿ ಒಣಗಿಸಿ. ಆಮೇಲೆ ಫರ್ನೇಸಿನ ಬಿಸಿಯನ್ನು ನಿಮಿಷಕ್ಕೆ 1 ಅಥವಾ 2 ಡಿಗ್ರಿಯಂತೆ ಏರಿಸಿ. ಬೈಂಡರ್ ಉರಿಯುವಾಗ ಅವಸರ ಮಾಡಿದರೆ ಗುಳ್ಳೆ ಏಳುತ್ತದೆ. ನಿಧಾನವಾಗಿ ಉರಿದುಹೋದರೆ ಅದಿದ್ದ ಜಾಗವೇ ರಂಧ್ರವಾಗಿ ಉಳಿಯುತ್ತದೆ.

ಎಷ್ಟು ಬಿಸಿಗೆ ನಿಲ್ಲಿಸಬೇಕು ಅನ್ನುವುದೇ ನಿಜವಾಗಿ ಕಷ್ಟದ ಪ್ರಶ್ನೆ. ಕಡಿಮೆಯಾದರೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ, ಪದರ ಉದುರುತ್ತದೆ. ಜಾಸ್ತಿಯಾದರೆ ಕಣ ಬೆಳೆದು ದೊಡ್ಡದಾಗುತ್ತದೆ. ಟಿನ್ ಆಕ್ಸೈಡ್ ಕಣ ಸುಮಾರು 6 ನ್ಯಾನೋಮೀಟರ್‌ಗಿಂತ ಚಿಕ್ಕದಿದ್ದಾಗ ಸ್ಪಂದನೆ ತುಂಬಾ ಏರುತ್ತದೆ, ನಿಜ. ಆದರೆ ಅಷ್ಟು ಸಣ್ಣ ಕಣವನ್ನು ಬಿಸಿಯಲ್ಲಿ ಹಾಗೇ ಉಳಿಸಿಕೊಳ್ಳುವುದು ಸುಲಭವಲ್ಲ. ಹಾಗಾಗಿ ನಾನು ಸ್ವಲ್ಪ ಸ್ಪಂದನೆ ಬಿಟ್ಟುಕೊಟ್ಟು ಸ್ಥಿರತೆ ಆರಿಸುತ್ತೇನೆ. ಸೆನ್ಸರ್ 300 ಡಿಗ್ರಿಯಲ್ಲಿ ಓಡುವುದಾದರೆ 500ರ ಆಸುಪಾಸಿನಿಂದ ಶುರುಮಾಡಿ. ಸೆನ್ಸರ್ ಓಡುವ ಬಿಸಿಗೇ ಸುಟ್ಟು ನಿಲ್ಲಿಸಿದರೆ ಬಳಸುವಾಗಲೂ ಕಣ ಬೆಳೆಯುತ್ತಲೇ ಇರುತ್ತದೆ, ರೀಡಿಂಗ್ ಜಾರುತ್ತದೆ.

ಫ್ಲೇಮ್ ಸ್ಪ್ರೇ (ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿ ಕಣ ಮಾಡುವ) ಸೌಲಭ್ಯ ಸಿಕ್ಕರೆ ಅದು ಬೇರೆಯೇ ದಾರಿ. ಜ್ವಾಲೆಯಲ್ಲಿ ಹುಟ್ಟಿದ ಕಣಗಳು ತಂಪು ಬಿಲ್ಲೆಯ ಕಡೆ ತಾವಾಗಿಯೇ ಸರಿದು ಕೂರುತ್ತವೆ. ಸುಮಾರು 98 ಶೇಕಡ ಖಾಲಿ ಜಾಗವಿರುವ ಪದರ ಸಿಗುತ್ತದೆ, ಅದೂ ಬೈಂಡರ್ ಇಲ್ಲದೆ! ಆದರೆ ಮುಟ್ಟಿದರೆ ಉದುರುವಷ್ಟು ಮೆದು, ಬಿಸಿ ಕೊಟ್ಟು ಗಟ್ಟಿ ಮಾಡಲೇಬೇಕು.

ಯಾವ ದಾರಿ ಹಿಡಿದರೂ, ಗ್ಯಾಸ್ ಬಿಡುವ ಮೊದಲು ಸೆನ್ಸರನ್ನು ಓಡುವ ಬಿಸಿಯಲ್ಲೇ ಕೆಲವು ದಿನ ಶುದ್ಧ ಗಾಳಿಯಲ್ಲಿಡಿ, ತೇವಾಂಶ ಬದಲಾಗದಂತೆ ನೋಡಿಕೊಳ್ಳಿ. ಆಮೇಲೂ ಒಂದೇ ಪ್ರಿಂಟಿನ ಸೆನ್ಸರ್‌ಗಳ ರೆಸಿಸ್ಟೆನ್ಸ್ ಒಂದಕ್ಕೊಂದು ಹೊಂದದಿದ್ದರೆ ಮೊದಲು ದಪ್ಪ ಅಳೆಯಿರಿ.